ಕೆರೆಯ ನೀರೂ ಬಾವಿಯ ಒರತೆಯೂ

ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲ. ಆದುದರಿಂದಲೇ ಪೂರ್ವಿಕರು ಊರೂರಿಗೆ ಕೆರೆಯನ್ನು ಕಟ್ಟಿ, ಅದರ ಕೆಳಗೆ ಬಾವಿಗಳನ್ನು ತೋಡಿ, ಕಪಿಲೆಯಿಂದ ನೀರೆತ್ತಿ ಬೇಸಾಯ ಮಾಡುತ್ತಿದ್ದರು. ಕೆರೆಯಲ್ಲಿ ನೀರು ನಿಂತರೆ ಬಾವಿಯಲ್ಲಿ ಒರತೆ ಏಳುತ್ತಿದ್ದಿತು.

ಈ ಸೀಮೆಯ ನೆಲದಡಿಯಲ್ಲಿರುವುದು ಗಟ್ಟಿಯಾದ ಬಂಡೆ. ನೀರು ಸೇರುವುದು ಮೇಲಿನ ಶಿಥಿಲವಾದ ಪದರದಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ; ಆಳಕ್ಕೆ ಹೋದಂತೆಲ್ಲ ಬಿರುಕುಗಳು ವಿರಳವಾಗುವುವು. ಕೊಳವೆಬಾವಿಗಳು ಹೆಚ್ಚಿ, ಇಂಗುವುದಕ್ಕಿಂತ ಎತ್ತುವುದೇ ಅಧಿಕವಾಗಲು, ತೋಡುಬಾವಿಗಳು ಬತ್ತಿದುವು. ಅನೇಕ ಕಡೆ ಕೊರೆತವು ೧,೦೦೦ ಅಡಿಯನ್ನು ಮೀರಿತು. ಸಾಲಮಾಡಿ ಕೊರೆಯಿಸಿದ ಬಾವಿಯಿಂದ ಧೂಳು ಮಾತ್ರ ಎದ್ದರೆ, ಒಕ್ಕಲಿಗನ ನಷ್ಟವು ಒಂದು ಬೆಳೆಗೆ ಮುಗಿಯತಕ್ಕುದಲ್ಲ. ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡಿನ ಅಂಶವು ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ದಾಟಿರುವುದು. ಅಂತಹ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುವುದು, ದೊಡ್ಡವರ ಕೀಲುಗಳು ಬಿಗಿಯುವುವು. ಒರತೆಯ ಹಳ್ಳಗಳು ಒಣಗಲು ಮೀನು, ಕಪ್ಪೆ, ನೀರುಹಕ್ಕಿಗಳೂ ನೆಲೆ ತಪ್ಪುವುವು.

೨೦೧೮ರಿಂದ ಬೆಂಗಳೂರಿನ ಬಳಸಿದ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಗೊಳಿಸಿ, ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ತುಂಬಿದ ಕೆರೆಗಳ ಸಮೀಪದಲ್ಲಿ ಅಂತರ್ಜಲವು ಮೇಲೇರಿರುವುದು. ಆದರೂ ಈ ನೀರು ಕುಡಿಯತಕ್ಕುದಲ್ಲ. ನೆರೆಯ ಬಾವಿಗಳ ನೀರನ್ನು ಆಗಾಗ್ಗೆ ಪರೀಕ್ಷಿಸುವುದು ಅಗತ್ಯ. ಮಟ್ಟ ಏರಿತೆಂದು ಹೊಸ ಕೊಳವೆಗಳನ್ನು ಇಳಿಸಿದರೆ ಬಂದ ಲಾಭವು ಉಳಿಯಲಾರದು.

ಗ್ರಾಮದ ಮುಖಂಡರು ಮುಂಗಾರಿಗೆ ಮುಂಚೆಯೇ ರಾಜಕಾಲುವೆಗಳ ಒತ್ತುವರಿಯನ್ನು ತೆರವುಮಾಡಿಸಿ, ಹೂಳನ್ನು ತೆಗೆಯಿಸತಕ್ಕುದು. ಭೂಮಾಲಿಕರು ಹೊಲಕ್ಕೆ ಬದುಗಳನ್ನು ಹಾಕಿಸಿ, ತೋಟಕ್ಕೆ ಹನಿ ನೀರಾವರಿಯನ್ನು ಅನುಸರಿಸುವುದು ಲೇಸು. ಒಬ್ಬನ ಬಾವಿಯ ನೀರು ಅವನೊಬ್ಬನದೇ ಅಲ್ಲ, ನೆಲದಡಿಯಲ್ಲಿ ಬೇಲಿಯಿಲ್ಲ.