ಕೂಡಿಟ್ಟ ಹಣ, ಕೈಯಾರೆ ಕಂಪ್ಯೂಟರ್

ರಾಜಾಜಿನಗರದಲ್ಲಿ ಮೆಟ್ರೋ ಏರಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ದೂರವಿಲ್ಲ. ಆಟದ ಕಂಪ್ಯೂಟರೊಂದನ್ನು ಮೊದಲ ಬಾರಿಗೆ ತಾನೇ ಜೋಡಿಸಬಯಸುವ ತರುಣನು ಕೂಡಿಟ್ಟ ಹಣದೊಡನೆ ಬರುವುದು ಈ ಬೀದಿಗೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಯಾವುದರಲ್ಲಿ ಉಳಿಸಬೇಕು, ಯಾವುದರಲ್ಲಿ ಉಳಿಸಬಾರದು?

ಆಟದ ಚಿತ್ರಗಳನ್ನು ಮೂಡಿಸುವುದು ಗ್ರಾಫಿಕ್ಸ್ ಕಾರ್ಡ್. ಹಣದ ದೊಡ್ಡ ಪಾಲು ಅದಕ್ಕೇ ಸಲ್ಲತಕ್ಕದ್ದು. ಪ್ರೊಸೆಸರಿನಲ್ಲಿ ಮಿತವ್ಯಯ ಸಾಧ್ಯ: 2022ರಲ್ಲಿ ಹೊರಬಂದ, ಆರು ಕೋರ್‌ಗಳ ರೈಜೆನ್ 5 5600 ಇಂದಿಗೂ ಹೆಚ್ಚಿನ ಆಟಗಳನ್ನು ನಿಭಾಯಿಸಬಲ್ಲುದು. ರ‍್ಯಾಮ್ 16 ಜಿಬಿ ಬೇಕಾದರೆ 8 ಜಿಬಿಯ ಎರಡು ಪಟ್ಟಿಗಳು ಲೇಸು. ಮಾಹಿತಿ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಹರಿಯುವುದು.

ಬಣ್ಣದ ದೀಪಗಳ ಕ್ಯಾಬಿನೆಟ್ಟಿಗೆ ಮನಸೋಲುವುದು ಸಹಜ. ಆದರೆ ಆ ದೀಪಗಳಿಂದ ಆಟದ ವೇಗ ಹೆಚ್ಚದು. ಅಲ್ಲಿ ಉಳಿದ ಹಣ ಪವರ್ ಸಪ್ಲೈಗೆ ಸೇರಲಿ. ಕಣ್ಣಿಗೆ ಬೀಳದ ಈ ಪೆಟ್ಟಿಗೆಯೇ ಎಲ್ಲಕ್ಕೂ ವಿದ್ಯುತ್ತನ್ನು ಹಂಚುವುದು. ಅಗ್ಗವೆಂದು ಹೆಸರಿಲ್ಲದ್ದನ್ನು ತಂದರೆ, ಅದು ಕೆಡುವಾಗ ತನ್ನೊಡನೆ ಗ್ರಾಫಿಕ್ಸ್ ಕಾರ್ಡನ್ನೂ ಕೆಡಿಸೀತು.

ಕೊನೆಯದಾಗಿ ಬಿಲ್ಲು. ಅದಿಲ್ಲದೆ ಕೊಂಡರೆ ಶೇಕಡಾ 18ರ ಜಿ.ಎಸ್.ಟಿ. ಉಳಿದೀತು, ವಾರಂಟಿ ಉಳಿಯದು.