ಚಪ್ಪಾಳೆಗೂ ತಾಲೀಮು ಬೇಕು

ವಿಜಯಪುರ ಜಿಲ್ಲೆಯಲ್ಲಿ ಮಕ್ಕಳೇ ಹಾಡಿ, ಮಕ್ಕಳೇ ಆಡುವ ನಾಟಕಕ್ಕೆ ದೊಡ್ಡ ಬಂಡವಾಳದ ಆಸರೆ ಇಲ್ಲ. ಶಾಲೆಯ ಗ್ಯಾದರಿಂಗು, ಬೇಸಿಗೆ ಶಿಬಿರದ ಸಮಾರೋಪ, ಪ್ರತಿಭಾ ಕಾರಂಜಿ, ಊರ ಜಾತ್ರೆ, ಇವೇ ಅದರ ವೇದಿಕೆಗಳು. ನಗರದಲ್ಲಾದರೆ ಕಂದಗಲ್ ಹನುಮಂತರಾಯ ರಂಗಮಂದಿರವಿದೆ. ತಿಕೋಟಾ, ಬಬಲೇಶ್ವರದ ಕಡೆ ಹೋದರೆ ಶಾಲೆಯ ಬಯಲು, ಹಿಂದೊಂದು ಪರದೆ, ಬದಿಗೆ ಪೇಟಿ ಮತ್ತು ತಬಲಾ. ಕಲಿಸುವವರು ಮಾಸ್ತರರು, ಅಕ್ಕೋರು. ವೇಷಭೂಷಣ ಹೊಂದಿಸುವವರು ತಾಯಂದಿರು. ನೋಡಲು ಬರುವವರು ಅವರದೇ ಬಂಧು ಬಳಗ. ಹೀಗಾಗಿ ಇಲ್ಲಿ ಪ್ರೇಕ್ಷಕ ಎಂದರೆ ದುಡ್ಡು ಕೊಟ್ಟು ಬಂದ ಹೊರಗಿನವನಲ್ಲ, ಆಟದ ಅರ್ಧ ಪಾಲುದಾರ. ಈ ಕಲೆ ಬೆಳೆಯುವುದೂ ಸೊರಗುವುದೂ ಎದುರು ಕೂತವರ ಕೈಯಲ್ಲಿದೆ. ನಾವು ಮಕ್ಕಳಿಗೆ ಮೆಚ್ಚುಗೆಯನ್ನು ಧಾರಾಳವಾಗಿ ಕೊಡುತ್ತಿದ್ದೇವೆ, ಗಮನವನ್ನು ಕೊಡುತ್ತಿಲ್ಲ. ಅವರಿಗೆ ಹೆಚ್ಚು ಬೇಕಾದದ್ದು ಗಮನವೇ.

ಈ ಸೀಮೆಯ ಪ್ರೇಕ್ಷಕ ಎಂದೂ ಬಾಯಿ ಮುಚ್ಚಿ ಕೂತವನಲ್ಲ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣರ ಹೆಸರಿನೊಂದಿಗೆ ಬೆಳೆದು ಬಂದ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿ. ಅಲ್ಲಿ ಭಾಗವತ ದೂತಿಯನ್ನು ತಡೆದು ಪ್ರಶ್ನೆ ಕೇಳುತ್ತಾನೆ. ಕೂತ ಜನರ ಮನಸ್ಸಿನಲ್ಲಿ ಏಳುವ ಪ್ರಶ್ನೆಯೇ ಅದು. ಪಾತ್ರಧಾರಿ ಹಾಡು ಎತ್ತಿದರೆ ಹಿಮ್ಮೇಳದವರು ಅದನ್ನು ಹಿಡಿದು ಬೆಳೆಸುತ್ತಾರೆ. ಕೇಳುವವನಿಗೂ ಒಂದು ಪಾತ್ರ ಕೊಟ್ಟೇ ಕಟ್ಟಿದ ಆಟ ಅದು. ಕಂಪನಿ ನಾಟಕಗಳು ಬಂದ ಮೇಲೆ ಈ ಪಾಲುಗಾರಿಕೆ ಒನ್ಸ್ ಮೋರ್ ಆಯಿತು, ಸೀಟಿಯಾಯಿತು, ಮೈಕಿನಲ್ಲಿ ಹೆಸರು ಕೂಗಿಸಿ ಕೊಡುವ ಆಯೇರಿಯಾಯಿತು. ರಂಗಮಂದಿರಕ್ಕೆ ಹೆಸರು ಕೊಟ್ಟ ಕಂದಗಲ್ ಹನುಮಂತರಾಯರು ಅಂದಿನ ವಿಜಾಪುರ ಜಿಲ್ಲೆಯ ಹುನಗುಂದ ಸೀಮೆಯವರು. ಅವರ ‘ರಕ್ತರಾತ್ರಿ’ಯನ್ನು ಇಂದಿಗೂ ಹಳ್ಳಿಯ ಹವ್ಯಾಸಿಗಳು ತಾಲೀಮು ಮಾಡಿ ಆಡುತ್ತಾರೆ. ಅಂಥ ಪೌರಾಣಿಕ ನಾಟಕ ನಿಂತಿರುವುದೇ ಕಂದಕ್ಕೆ, ಮಾತಿನ ಓಘಕ್ಕೆ ತಟ್ಟನೆ ಮಿಡಿಯುವ ಜನರ ಮೇಲೆ. ಅಂದರೆ ಗದ್ದಲವೇ ದೋಷವಲ್ಲ. ಗದ್ದಲದ ಹಿಂದೆ ಕಿವಿ ಇದೆಯೇ ಎನ್ನುವುದೇ ಮುಖ್ಯ.

ದೊಡ್ಡವರಿಗೆ ಒಗ್ಗುವ ಈ ರೂಢಿ ಮಕ್ಕಳ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ದೊಡ್ಡ ಗಂಡಸು ಪೇಟಿಯ ಕರಿ ಒಂದರಲ್ಲಿ ಹಾಡಿದರೆ, ಹತ್ತು ವರ್ಷದ ಹುಡುಗನಿಗೆ ಕರಿ ನಾಲ್ಕೋ ಐದೋ ಬೇಕು. ತಾರ ಷಡ್ಜ ಮುಟ್ಟಿ ಅವನು ಹಾಡು ಮುಗಿಸುತ್ತಾನೆ. ಆ ಹೊತ್ತಿಗೆ ಉಸಿರು ತೀರಿರುತ್ತದೆ, ಮುಂದಿನ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ. ಆಗ ಹಿಂದಿನಿಂದ ಒನ್ಸ್ ಮೋರ್ ಕೂಗು ಬರುತ್ತದೆ. ಪಳಗಿದ ನಟ ನಕ್ಕು, ಪೇಟಿ ಮಾಸ್ತರನತ್ತ ನೋಡಿ, ಕಡೆಯ ನುಡಿಯನ್ನಷ್ಟೇ ಮತ್ತೊಮ್ಮೆ ಹಾಡಿ ಪಾರಾಗುತ್ತಾನೆ. ಹುಡುಗನಿಗೆ ಆ ಜಾಣ್ಮೆ ಇನ್ನೂ ಬಂದಿಲ್ಲ. ಇಡೀ ಹಾಡನ್ನು ಮತ್ತೆ ಎತ್ತುತ್ತಾನೆ, ಮೇಲಿನ ಸ್ವರದಲ್ಲಿ ಕಂಠ ಬಿರಿಯುತ್ತದೆ, ಎದುರಿನ ಹುಡುಗಿ ತನ್ನ ಮಾತು ಮರೆಯುತ್ತಾಳೆ. ಆಯೇರಿಯದು ಇನ್ನೊಂದು ತೊಡಕು. ಕೃಷ್ಣನ ಪಾತ್ರದ ಮಗುವಿಗೆ ನೂರೊಂದು ರೂಪಾಯಿ ಎಂದು ಮೈಕಿನಲ್ಲಿ ಸಾರಿದ ಕ್ಷಣ ಆಟ ನಿಲ್ಲುತ್ತದೆ. ಆ ಮಗುವಿನ ಹಿಂದೆ ಸಖಿಯರಾಗಿ ನಿಂತ ಎಂಟು ಮಕ್ಕಳಿಗೆ ತಮ್ಮ ಬೆಲೆ ಎಷ್ಟು ಎಂಬುದು ಸಭೆಯ ನಡುವೆಯೇ ತಿಳಿದುಹೋಗುತ್ತದೆ. ಮೇಳದಲ್ಲಿ ಹಾಡುವುದು, ಇನ್ನೊಬ್ಬರ ದನಿಗೆ ದನಿ ಕೂಡಿಸುವುದು, ಇವು ಸಂಗೀತ ನಾಟಕ ಮಗುವಿಗೆ ಕಲಿಸುವ ಮೊದಲ ಪಾಠಗಳು. ನಮ್ಮ ಪ್ರೀತಿಯೇ ಆ ಪಾಠವನ್ನು ಅಳಿಸಿಹಾಕುತ್ತದೆ.

ಗಮನ ಕೊಟ್ಟು ಕೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಭಾಗದ ರಂಗ ಇತಿಹಾಸದಲ್ಲೇ ಸಾಕ್ಷಿಯಿದೆ. ಮಲ್ಲಿಕಾರ್ಜುನ ಮನ್ಸೂರರು (1910–1992) ಬಾಲ್ಯದಲ್ಲಿ ನಾಟಕ ಮಂಡಳಿಯೊಂದರ ಬಾಲನಟರಾಗಿದ್ದರು. ಅವರ ಹಾಡು ಕೇಳಿದವರಲ್ಲಿ ಅಪ್ಪಯ್ಯಸ್ವಾಮಿ ಎಂಬುವರು ಹುಡುಗನ ದನಿಯಲ್ಲಿದ್ದುದನ್ನು ಗುರುತಿಸಿ ಶಿಷ್ಯನನ್ನಾಗಿ ಮಾಡಿಕೊಂಡರು. ಮುಂದೆ ಮೀರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಶಿಕ್ಷಣವಾಯಿತು. ಅಂದು ಆ ಹುಡುಗನಿಗೆ ಚಪ್ಪಾಳೆ ಹೊಡೆದವರು ಎಷ್ಟೋ ಮಂದಿ ಇದ್ದಿರಬೇಕು. ದಾರಿ ತೋರಿಸಿದ್ದು ಕೇಳಬಲ್ಲ ಒಬ್ಬರು. ನೂರು ದಾಟಿ ಬಾಳಿದ ಏಣಗಿ ಬಾಳಪ್ಪನವರೂ ಎಳವೆಯಲ್ಲೇ ಬಣ್ಣ ಹಚ್ಚಿದವರು. ಬಿ.ವಿ. ಕಾರಂತರು ಹುಡುಗರಾಗಿ ಗುಬ್ಬಿ ಕಂಪನಿ ಸೇರಿದವರು. ಕಂಪನಿಯ ಬದುಕು ಮಕ್ಕಳಿಗೆ ಕಷ್ಟದ್ದೇ ಆಗಿತ್ತು, ಅದನ್ನು ಮರಳಿ ತರಬೇಕೆಂದು ಯಾರೂ ಬಯಸಬೇಕಿಲ್ಲ. ಆದರೆ ಬಾಲಕನಾದರೂ ಶ್ರುತಿ ತಪ್ಪಿದರೆ ತಪ್ಪೇ ಎನ್ನುವ ಆ ಕಾಲದ ಶಿಸ್ತಿನಲ್ಲಿ ಮಗುವಿನ ಬಗ್ಗೆ ಗೌರವವಿತ್ತು.

ಹಾಡಿನ ನಾಟಕವೇ ಹವ್ಯಾಸಿಗಳ ಕೈ ತಪ್ಪಿ ಮತ್ತೆ ಸಿಕ್ಕಿದ್ದು. ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಶ್ರೀರಂಗರು ಹವ್ಯಾಸಿ ರಂಗಭೂಮಿಗೆ ವಿಚಾರದ ಮೊನಚು ಕೊಟ್ಟರು. ಆ ಹಾದಿಯಲ್ಲಿ ಮಾತು ಮುಂದೆ ಬಂದು ಹಾಡು ಹಿಂದೆ ಸರಿಯಿತು. ಕಾರಂತರು ಹಾಡನ್ನು ರಂಗದ ನಡುಮಧ್ಯಕ್ಕೆ ಮರಳಿ ತಂದರು, ಮಕ್ಕಳ ನಾಟಕಕ್ಕೂ ತಂದರು. ಟ್ಯಾಗೋರರ ಗಿಳಿಯ ಕಥೆಯನ್ನು ಆಧರಿಸಿದ ‘ಪಂಜರ ಶಾಲೆ’ಯಲ್ಲಿ ವಿದ್ಯೆಯ ಹೆಸರಿನಲ್ಲಿ ಸಿಂಗಾರವೆಲ್ಲ ಪಂಜರಕ್ಕೆ, ಗಿಳಿಯನ್ನು ಕೇಳುವವರಿಲ್ಲ. ಆಡುವವರು ಮಕ್ಕಳು, ಅವರ ಮಾತು ನಾಟುವುದು ಎದುರು ಕೂತ ತಂದೆ ತಾಯಿ, ಶಿಕ್ಷಕರಿಗೆ. ಇಂಥ ನಾಟಕ ನೋಡಿ ಬರೀ ಹುಡುಗರು ಛಲೋ ಮಾಡ್ಯಾರ ಎಂದು ಎದ್ದು ಹೋದರೆ ಅವರು ಆಡಿದ್ದು ನಮಗೆ ಕೇಳಲೇ ಇಲ್ಲ ಎಂದಾಯಿತು. ಈಗಿನ ಗ್ಯಾದರಿಂಗುಗಳಲ್ಲಿ ಸಿನಿಮಾ ಹಾಡು ಹಾಕಿ ಕುಣಿಸುವುದೇ ಹೆಚ್ಚಾಗುತ್ತಿರುವುದಕ್ಕೂ ಕಾರಣ ಇದೇ. ಪರಿಚಿತ ಹಾಡಿಗೆ ಚಪ್ಪಾಳೆ ತಾನಾಗಿ ಬೀಳುತ್ತದೆ. ಮಗು ತನ್ನ ದನಿಯಲ್ಲೇ ಹೊಸ ಹಾಡು ಹಾಡಿದರೆ ನಾವು ಕೇಳಿಸಿಕೊಳ್ಳುವ ಶ್ರಮ ಪಡಬೇಕು. ಆ ಶ್ರಮಕ್ಕೆ ಜನ ಸಿದ್ಧರಿಲ್ಲ ಎಂದು ಮಾಸ್ತರರಿಗೆ ಅನ್ನಿಸಿದ ದಿನ ಪೇಟಿ ಮೂಲೆ ಸೇರುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ಹವ್ಯಾಸಕ್ಕೆ ಆಡುವ ಸಣ್ಣ ಮಕ್ಕಳು, ಖುಷಿಯಾದರೆ ಸಾಕಲ್ಲವೇ ಎನ್ನುವುದು ಮೊದಲನೆಯದು. ಖುಷಿ ಬೇಕೇ ಬೇಕು. ಆದರೆ ತಿಂಗಳುಗಟ್ಟಲೆ ತಾಲೀಮು ಮಾಡಿದ ಮಗುವಿಗೆ ತಾನು ಯಾವ ಹಾಡನ್ನು ಚೆನ್ನಾಗಿ ಹಾಡಿದೆ ಎಂಬುದು ಗೊತ್ತಿರುತ್ತದೆ, ತಾಳ ತಪ್ಪಿದ್ದೂ ಗೊತ್ತಿರುತ್ತದೆ. ಎರಡಕ್ಕೂ ಒಂದೇ ಚಪ್ಪಾಳೆ ಬಿದ್ದರೆ ಯಾರೂ ಕೇಳುತ್ತಿಲ್ಲ ಎನ್ನುವುದು ಅದಕ್ಕೆ ಅರ್ಥವಾಗುತ್ತದೆ. ಒನ್ಸ್ ಮೋರ್, ಆಯೇರಿ ನಮ್ಮ ಸಂಸ್ಕೃತಿ, ಸುಮ್ಮನೆ ಕೂರುವುದು ಪೇಟೆಯವರ ರೀತಿ ಎನ್ನುವುದು ಎರಡನೆಯ ಮಾತು. ಇದರಲ್ಲಿ ಸತ್ಯವಿದೆ, ಮೌನವನ್ನೇ ರಸಿಕತೆ ಎಂದು ಹೇರುವುದು ತಪ್ಪು. ಆದರೆ ಹಾಡಿನ ಏರು ಗುರುತಿಸಿ ಭೇಷ್ ಎನ್ನುವುದು ಪಾರಿಜಾತದ ಪರಂಪರೆ. ಹಾಡಿನ ನಡುವೆ ಮೊಮ್ಮಗನ ಹೆಸರು ಕೂಗುವುದು ಯಾವ ಪರಂಪರೆಯೂ ಅಲ್ಲ. ಟೀಕಿಸಿದರೆ ಮಕ್ಕಳು ಮುದುಡುತ್ತಾರೆ ಎನ್ನುವುದು ಮೂರನೆಯದು. ಸಭೆಯಲ್ಲಿ ಟೀಕೆ ಖಂಡಿತ ಬೇಡ, ತಿದ್ದುವುದು ಮಾಸ್ತರರ ಕೆಲಸ. ನೋಡುವವರು ಮಾಡಬೇಕಾದದ್ದು ಮೆಚ್ಚುಗೆಯನ್ನು ಬಿಡಿಸಿ ಹೇಳುವುದು. ನಿನ್ನ ಎರಡನೇ ಹಾಡು ಮನಸ್ಸಿಗೆ ಹತ್ತಿತು ಎಂದ ಒಂದು ಮಾತು ನೂರು ಸೀಟಿಗಿಂತ ಹೆಚ್ಚು ಕಾಲ ಮಗುವಿನ ಜತೆ ಇರುತ್ತದೆ.

ಇದನ್ನು ರೂಢಿಗೆ ತರಲು ಖರ್ಚೇನೂ ಇಲ್ಲ. ಆಯೇರಿಯನ್ನು ಆಟ ಮುಗಿದ ಮೇಲೆ ಇಡೀ ತಂಡದ ಹೆಸರಿನಲ್ಲಿ ಕೊಡಲಿ. ಒನ್ಸ್ ಮೋರ್ ಬಂದರೆ ಹಾಡಿಸಬೇಕೋ ಬೇಡವೋ ಎನ್ನುವುದನ್ನು ಪೇಟಿ ಮಾಸ್ತರರೇ ನಿರ್ಧರಿಸಲಿ. ಶಾಲೆಯ ಪರವಾಗಿ ಒಬ್ಬರು ವಿಡಿಯೊ ಮಾಡಿ ಎಲ್ಲರಿಗೂ ಕಳಿಸಲಿ, ಉಳಿದವರ ಮೊಬೈಲು ಕಿಸೆಯಲ್ಲಿರಲಿ. ತಮ್ಮ ಮಗುವಿನ ಪಾಳಿ ಮುಗಿದೊಡನೆ ಎದ್ದು ಹೋಗುವವರು ಉಳಿದ ಮಕ್ಕಳ ಆಟವನ್ನೂ ಕೊನೆಯವರೆಗೆ ನೋಡಲಿ. 2018ರ ಹೊತ್ತಿಗೆ ಹೊಸ ತಾಲ್ಲೂಕುಗಳಾದ ತಿಕೋಟಾ, ಬಬಲೇಶ್ವರಗಳಲ್ಲಿ ಸಭಾಭವನ ಕಟ್ಟುವವರು ಮಗುವಿನ ದನಿ ಹಿಂದಿನ ಸಾಲಿಗೂ ಮುಟ್ಟುವಂತೆ ಕಟ್ಟಲಿ. ಮಕ್ಕಳು ತಮ್ಮ ಪಾಲಿನ ತಾಲೀಮನ್ನು ತಪ್ಪದೆ ಮಾಡುತ್ತಾರೆ. ಈ ವರ್ಷದ ಗ್ಯಾದರಿಂಗಿಗೆ ಹೋಗುವ ಹಿರಿಯರು ತಮ್ಮ ಪಾಲಿನದನ್ನೂ ಮಾಡಿಕೊಂಡು ಹೋಗಬೇಕು.