ಎತ್ತುಗಳ ಕುತ್ತಿಗೆಯ ಹುಣ್ಣು: ಅದರ ಕಾರಣ, ಚಿಕಿತ್ಸೆ ಮತ್ತು ನಿವಾರಣೆ

ಯಂತ್ರಗಳು ಎಷ್ಟೇ ಬಳಕೆಗೆ ಬಂದಿದ್ದರೂ, ಬಿತ್ತನೆಗೂ ಎಡೆಕುಂಟೆ ಹೊಡೆಯುವುದಕ್ಕೂ ಗೊಬ್ಬರ ಸಾಗಿಸುವುದಕ್ಕೂ ನಮ್ಮ ಸೀಮೆಯ ಅನೇಕ ಸಣ್ಣ ಒಕ್ಕಲುಗಳು ಇಂದಿಗೂ ಎತ್ತುಗಳನ್ನೇ ನಂಬಿಕೊಂಡಿರುವುವು. ಇಂತಹ ಎತ್ತಿನ ಕುತ್ತಿಗೆಯಲ್ಲಿ ಹುಣ್ಣಾಯಿತೆಂದರೆ, ಹದವಿರುವ ಕಾಲದಲ್ಲಿಯೇ ಜೋಡಿಯು ಕೊಟ್ಟಿಗೆಯಲ್ಲಿ ನಿಲ್ಲುವುದು. ಹುಣ್ಣು ಎತ್ತಿನಲ್ಲಿ ಕಾಣಿಸಿಕೊಂಡರೂ ಅದರ ಮೂಲವು ಸಾಮಾನ್ಯವಾಗಿ ನೊಗದಲ್ಲಿರುವುದು. ನೊಗವನ್ನು ಸರಿಪಡಿಸದೆ ಔಷಧವನ್ನು ಮಾತ್ರ ಹಚ್ಚುವುದು ವ್ಯರ್ಥವೆಂಬುದೇ ಈ ಲೇಖನದ ತಾತ್ಪರ್ಯವು.

ಕಾರಣಗಳು.— ಎತ್ತು ಬಹಳ ಹೊತ್ತು ಎಳೆಯಬಲ್ಲ ಸೆಳೆತವು ಅದರ ದೇಹತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು. 400 ಕಿಲೋ ತೂಕದ ಎತ್ತಿಗೆ ಇದು 40 ಕಿಲೋ ಆಯಿತು. ಇಷ್ಟೂ ಒತ್ತಡವು ಹಿಣಿಲಿನ ಮುಂದಿರುವ ಸ್ವಲ್ಪ ಅಗಲದ ಚರ್ಮದ ಮೇಲೆ ಬೀಳುವುದು. ನೊಗವು ಕಿರಿದಾಗಿದ್ದು, ಅದರಲ್ಲಿ ಗಂಟು ಸಿಬಿರುಗಳಿದ್ದರೆ, ಅಥವಾ ಜೋಡಿಯ ಎತ್ತುಗಳು ಎತ್ತರದಲ್ಲಿ ಸಮವಾಗಿಲ್ಲದಿದ್ದರೆ, ಒತ್ತಡವು ಒಂದೇ ಕಡೆಗೆ ಸೇರಿ ಚರ್ಮವು ಜಜ್ಜಿಹೋಗುವುದು. ಗಾಡಿಯ ಭಾರವು ಅಚ್ಚಿನ ಮುಂದಕ್ಕೆ ಹೆಚ್ಚಾದರೆ ನೊಗವು ಕುತ್ತಿಗೆಯನ್ನು ಅದುಮುವುದು. ಹಿಂದಕ್ಕೆ ಹೆಚ್ಚಾದರೆ ನೊಗವು ಮೇಲೆದ್ದು ಕೊರಳ ಹಗ್ಗವು ಬಿಗಿಯುವುದು. ಬೇಸಗೆಯೆಲ್ಲಾ ಕೆಲಸವಿಲ್ಲದೆ ನಿಂತ ಎತ್ತನ್ನು ಮುಂಗಾರಿನಲ್ಲಿ ಒಮ್ಮೆಗೇ ಇಡೀ ದಿನ ಹೂಡುವುದೂ ಒಂದು ದೊಡ್ಡ ಕಾರಣವು. ಮಳೆಯಲ್ಲಿ ನೆನೆದು ಮೆತ್ತಗಾದ ಚರ್ಮವು ಬಲು ಬೇಗನೆ ಸುಲಿಯುವುದು.

ಲಕ್ಷಣಗಳು.— ಮೊದಲು ಕೂದಲು ಉದುರಿ, ಆ ಸ್ಥಳವು ಬಿಸಿಯಾಗಿ ಊದಿಕೊಳ್ಳುವುದು. ನೊಗವನ್ನು ಎತ್ತಿದೊಡನೆ ಎತ್ತು ಹಿಂಜರಿಯುವುದು. ಈ ಹಂತದಲ್ಲಿಯೂ ದುಡಿಸಿದರೆ ಬಾವು ಕೀವುಗಟ್ಟಿ ಒಡೆಯುವುದು, ಇಲ್ಲವೆ ಗಟ್ಟಿಯಾದ ಗಡ್ಡೆಯಾಗಿ ಉಳಿಯುವುದು. ಗಂಟಲಿನ ಕೆಳಭಾಗದಲ್ಲಿ ತಟಕ್ಕನೆ ಬಾವು ಬಂದು, ಜ್ವರವೂ ಉಸಿರಾಟದ ಕಷ್ಟವೂ ಇದ್ದರೆ ಅದು ನೊಗದ ಬಾವಲ್ಲ, ಗಳಲೆ ರೋಗವಿರಬಹುದು. ಆಗ ಒಂದು ಗಳಿಗೆಯೂ ತಡಮಾಡದೆ ಪಶುವೈದ್ಯರನ್ನು ಕರೆಸತಕ್ಕದ್ದು.

ಚಿಕಿತ್ಸೆ.— ಮೊದಲನೆಯ ಔಷಧವು ವಿಶ್ರಾಂತಿಯೇ. ಬಾವು ಹೊಸದಾಗಿದ್ದರೆ ತಣ್ಣೀರಿನ ಬಟ್ಟೆಯನ್ನು ದಿನಕ್ಕೆ ಹಲವು ಬಾರಿ ಇಡಬೇಕು. ಬಾವನ್ನು ತಾವಾಗಿಯೇ ಕುಯ್ಯಬಾರದು. ಹುಣ್ಣು ತೆರೆದಿದ್ದರೆ ಸುತ್ತಲಿನ ಕೂದಲನ್ನು ಕತ್ತರಿಸಿ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸುಮಾರು 9 ಗ್ರಾಂ ಉಪ್ಪನ್ನು ಬೆರೆಸಿ ತೊಳೆಯಬೇಕು. ಅನಂತರ ಶುದ್ಧವಾದ ಬಟ್ಟೆಯಿಂದ ಒತ್ತಿ ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚತಕ್ಕದ್ದು. ನೊಣಗಳು ಕೂರದಂತೆ ಹುಣ್ಣಿನ ಅಂಚಿನ ಸುತ್ತ ಬೇವಿನೆಣ್ಣೆಯನ್ನು ಸವರಬಹುದು. ನೊಣವಿಟ್ಟ ಮೊಟ್ಟೆಗಳು ಒಂದು ದಿನದೊಳಗಾಗಿಯೇ ಹುಳುಗಳಾಗಬಹುದಾದುದರಿಂದ ಹುಣ್ಣನ್ನು ದಿನವೂ ನೋಡಬೇಕು. ಹುಳು ಬಿದ್ದಿದ್ದರೆ, ಕೀವು ಆಳಕ್ಕೆ ಇಳಿದಿದ್ದರೆ, ಅಥವಾ ಗಡ್ಡೆಯಾಗಿದ್ದರೆ ವೈದ್ಯರ ನೆರವು ಅವಶ್ಯಕವು. ಗಡ್ಡೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ಬರೆ ಹಾಕುವುದು, ಸುಣ್ಣ ತುಂಬುವುದು, ಯಂತ್ರದ ಹಳೆಯ ಎಣ್ಣೆಯನ್ನು ಸುರಿಯುವುದು, ಇವೆಲ್ಲವೂ ಬದುಕಿರುವ ಮಾಂಸವನ್ನು ಸುಟ್ಟು ಹುಣ್ಣನ್ನು ಹಿಗ್ಗಿಸುವುವು.

ನಿವಾರಣೆ.— ನೊಗವು ಕುತ್ತಿಗೆಗೆ ತಗಲುವ ಭಾಗವನ್ನು ಅಗಲವಾಗಿಯೂ ಗುಂಡಾಗಿಯೂ ಕೆತ್ತಿಸಿ, ಕೈಯಾಡಿಸಿದರೆ ಎಲ್ಲಿಯೂ ತಡೆಯದಂತೆ ನುಣುಪು ಮಾಡಿಸಬೇಕು. ಗೋಣಿಯ ಮೆತ್ತೆಯು ನೆನೆದು ಬೆವರು ಮಣ್ಣುಗಳಿಂದ ಗಟ್ಟಿಯಾದರೆ ಹಿತಕ್ಕೆ ಬದಲಾಗಿ ಅಹಿತವನ್ನೇ ಮಾಡುವುದು. ಅದನ್ನು ಆಗಾಗ್ಗೆ ಒಗೆದು ಒಣಗಿಸತಕ್ಕದ್ದು. ಸಮಾನ ಎತ್ತರದ ಎತ್ತುಗಳನ್ನೇ ಜೋಡಿ ಮಾಡಬೇಕು. ಹೊಸ ಹೋರಿಯನ್ನೂ ಬಹುದಿನ ಬಿಡುವಿನಲ್ಲಿದ್ದ ಎತ್ತನ್ನೂ ಮೊದಲು ದಿನಕ್ಕೆ ಒಂದೆರಡು ಗಂಟೆ ಮಾತ್ರ ಹೂಡಿ, ಕ್ರಮೇಣ ಹೆಚ್ಚಿಸಬೇಕು. ಸಾಯಂಕಾಲ ನೊಗವನ್ನು ಇಳಿಸಿದ ಮೇಲೆ ಕುತ್ತಿಗೆಯನ್ನು ತೊಳೆದು, ಒರೆಸಿ, ಕೈಯಿಂದ ಮುಟ್ಟಿ ನೋಡುವುದು ಪ್ರತಿದಿನದ ಪದ್ಧತಿಯಾಗಬೇಕು.

ಗ್ರಾಮ ಮುಖಂಡರ ಕರ್ತವ್ಯ.— ಹುಣ್ಣಾದ ಎತ್ತನ್ನು ದುಡಿಸುವುದು 1960ರ ಪ್ರಾಣಿ ಹಿಂಸಾ ನಿವಾರಣಾ ಕಾಯಿದೆಯ ಮೇರೆಗೆ ಅಪರಾಧವು. ದುಡಿಸಲು ಬಿಟ್ಟ ಮಾಲಿಕನೂ ಅದಕ್ಕೆ ಹೊಣೆಗಾರನು. 1965ರ ನಿಯಮಗಳು ದಿನಕ್ಕೆ 9 ಗಂಟೆಗಿಂತ ಹೆಚ್ಚಾಗಿಯೂ, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚಾಗಿಯೂ ದುಡಿಸಕೂಡದೆಂದು ವಿಧಿಸಿವೆ. ಆದರೆ ಒಂದೇ ಜೋಡಿಯುಳ್ಳ ಬಡ ರೈತನು ಬಿತ್ತನೆಯ ಹದ ತಪ್ಪೀತೆಂಬ ಭಯದಿಂದಲೇ ಹುಣ್ಣಿನ ಮೇಲೆ ನೊಗವಿಡುವನು. ಅವನಿಗೆ ಕಾಯಿದೆಯನ್ನು ಹೇಳಿದ ಮಾತ್ರಕ್ಕೆ ಹೊಲವು ಬಿತ್ತಿಹೋಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿಯು ಹಿಂದಿನಿಂದಲೂ ಇದೆ. ಮುಖಂಡರೂ ಭೂಮಾಲಿಕರೂ ಮುಂದೆ ನಿಂತು, ಅಂತಹವನ ಹೊಲಕ್ಕೆ ತಮ್ಮ ಎತ್ತುಗಳನ್ನು ಮುಯ್ಯಿಗೆ ಕಳುಹಿಸಿದರೆ, ಬಾವು ಹೊಸದಾಗಿರುವಾಗಲೇ ಆ ಎತ್ತಿಗೆ ಬಿಡುವು ದೊರೆಯುವುದು. ಮುಂಗಾರಿಗೆ ಮುಂಚಿತವಾಗಿ ಬಡಗಿಯನ್ನು ಕರೆಸಿ ಊರಿನ ನೊಗಗಳನ್ನೆಲ್ಲಾ ಒಂದೇ ದಿನ ಪರೀಕ್ಷಿಸಿ ಸರಿಪಡಿಸುವ ಏರ್ಪಾಡನ್ನು ಮಾಡಿದರೆ ಇನ್ನೂ ಉತ್ತಮವು. ಆ ಒಂದು ದಿನದ ಕೂಲಿಯು ಒಂದು ಎತ್ತು ಹಂಗಾಮಿನಲ್ಲಿ ನಿಂತುಹೋಗುವ ನಷ್ಟಕ್ಕಿಂತ ಬಹಳ ಕಡಿಮೆಯೆಂಬುದನ್ನು ಮಹಾಶಯರು ಮನಗಾಣಬೇಕಾಗಿ ಕೋರಿಕೆ.